ಇನ್ನೂರ ಹನ್ನೆರಡನೆಯ ಪುಟ

ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ.
ಪಿನಾರ್ ದೆಲ್ ರಿಯೊದ ಈ ಚುಟ್ಟದ ಕಾರ್ಖಾನೆಯಲ್ಲಿ
ನನ್ನ ಕೆಲಸ ಓದುವುದು.
ಎತ್ತರದ ಕುರ್ಚಿ, ಒಂದು ಮೈಕು, ಒಂದು ಲೋಟ ನೀರು.
ಕೆಳಗೆ ನೂರಾ ಹತ್ತು ಜೋಡಿ ಕೈ
ಹೊಗೆಸೊಪ್ಪಿನ ನರ ಬಿಡಿಸಿ, ಸವರಿ, ಸುತ್ತುತ್ತವೆ;
ಕಿವಿ ಮಾತ್ರ ನನ್ನವು.

ಮೆಚ್ಚಿದರೆ ಅರೆಚಂದ್ರದ ಕತ್ತಿಯಿಂದ ಮೇಜು ಕುಟ್ಟುತ್ತಾರೆ,
ಒಪ್ಪದಿದ್ದರೆ ಕತ್ತಿಯನ್ನು ನೆಲಕ್ಕೆ ಬಿಡುತ್ತಾರೆ, ಠಣ್ಣೆಂದು.
ಇಪ್ಪತ್ತೆರಡು ವರ್ಷ ಈ ಎರಡೇ ವಿಮರ್ಶೆ ಕೇಳಿದ್ದೇನೆ.
ಎರಡೂ ಒಟ್ಟಿಗೆ ಕೇಳಿದ್ದು ಈ ಪುಸ್ತಕಕ್ಕೆ.
ಆರಿಸಿದ್ದೂ ಅವರೇ, ಕೈಯೆತ್ತಿ:
ಅರವತ್ತೊಂದಕ್ಕೆ ನಲವತ್ತೊಂಬತ್ತು.

ಕಥೆ ಇಷ್ಟೇ. ಔಷಧಿ ಅಂಗಡಿಯವಳು, ಮದುವೆಯಾದವಳು,
ಗುರುವಾರ ಗುರುವಾರ ದೋಣಿ ಹತ್ತಿ ಹೊಳೆಯಾಚೆ ಹೋಗುತ್ತಾಳೆ.
ಅಲ್ಲೊಬ್ಬನಿದ್ದಾನೆ, ತಕ್ಕಡಿ ರಿಪೇರಿಯವನು.
ಒಂದು ಗುರುವಾರ ಕತ್ತಲಾಗಿ ಮನೆಗೆ ಬಂದರೆ
ಗಂಡ ಅವಳ ನೀಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾನೆ,
ಮುಂದಿನ ವಾರ ಬೇಕಾಗುವುದಕ್ಕೆ.
ಅವನಿಗೆ ಗೊತ್ತೋ ಇಲ್ಲವೋ,
ಬರೆದವನು ಹೇಳುವುದಿಲ್ಲ. ಅಧ್ಯಾಯ ಮುಗಿಯುತ್ತದೆ.

ಕುಟ್ಟಿದವು ಕತ್ತಿ. ಬಿದ್ದವು ಕತ್ತಿ.

"ಗೊತ್ತು ಅವನಿಗೆ," ಎಂದಳು ಲೆಯೊಕಾಡಿಯಾ. "ಗೊತ್ತಿಲ್ಲದೆ
ಯಾವ ಗಂಡಸು ಕಾಲರಿನ ಒಳಮೈಗೂ ಇಸ್ತ್ರಿ ಹಾಕುತ್ತಾನೆ?"
ಗಂಡ ಹೇಡಿ, ಗಂಡ ಸಂತ, ಮೂರನೆಯ ಸಾಲು ನಡುವೆ ಸೀಳಿತು.
ಪಟ್ಟಿ ಅಂಟಿಸುವ ಹುಡುಗ ಯುನಿಯೆಲ್‌ಗೆ ದೋಣಿಯದೇ ಚಿಂತೆ:
ಅಂಬಿಗನಿಗೆ ತಿಳಿಯದೇ ಇರುತ್ತದೆಯೇ,
ಅವನ ಬಾಯಿಗೇಕೆ ಒಂದು ಮಾತೂ ಕೊಟ್ಟಿಲ್ಲ?
ಬೆನೀಲ್ದೆ ಕೇಳಿದ್ದು ಬೇರೆ. ಅವಳಿಗೆ ಮಕ್ಕಳಿದ್ದಿದ್ದರೆ
ಈ ಪುಸ್ತಕ ಎಷ್ಟನೇ ಪುಟಕ್ಕೆ ಮುಗಿಯುತ್ತಿತ್ತು?
ಮುದುಕ ಎವೆಲಿಯೊ, ಎರಡು ಮದುವೆ, ಲೆಕ್ಕವಿಡದ ಉಳಿದವು,
"ಕೆಟ್ಟ ಪುಸ್ತಕ," ಎಂದ, "ಯಾರಿಗೂ ಶಿಕ್ಷೆಯಿಲ್ಲ.
ನನಗಾದರೂ ಆಯಿತು." ಎಲ್ಲರೂ ನಕ್ಕರು, ಅವನು ನಗಲಿಲ್ಲ.
ಬರೆದವನಿಗೆ ಅವಳ ಮೇಲೆ ಸಿಟ್ಟಿದೆ, ಎಂದಳೊಬ್ಬಳು.
ಇಲ್ಲ, ಮೋಹವಿದೆ, ಎಂದಳು ಪಕ್ಕದವಳು.
ಅದೇ ಸಾಲು, ಅದೇ ದನಿ, ನಾನೇ ಓದಿದ್ದು.

ಅಲ್ಪವಿರಾಮಕ್ಕೂ ನಿಯತ್ತಿನವಳು ಎಂಬ ಹೆಸರು ನನಗೆ.
ಆದರೆ ಆ ಮಧ್ಯಾಹ್ನ
ಒಂದು ಪುಟ ಹಾರಿಸಿದ್ದೆ.

ಐದನೆಯ ಸಾಲಿನಲ್ಲಿ ನೆರೆಯಿದಾ. ಎಂಟನೆಯದರಲ್ಲಿ ಅವಳ ಗಂಡ.
ಎಲೆ ತೂಗುವ ಕೋಣೆಯಲ್ಲಿ ಇನ್ನೊಬ್ಬ.
ಊರಿಗೆಲ್ಲ ಗೊತ್ತು; ಊರು ಇಸ್ತ್ರಿ ಹಾಕುತ್ತ ಸುಮ್ಮನಿದೆ.
ಆ ಪುಟ ಬಂದಾಗ ನಾಲಗೆ ಒಣಗಿತು, ನೀರು ಕುಡಿದೆ,
ಎಡಗಡೆಯದನ್ನು ಬಿಟ್ಟು ಬಲಗಡೆಯಿಂದ ಓದಿದೆ.
ಅವಳ ಒಳ್ಳೆಯದಕ್ಕೇ, ಅಂದುಕೊಂಡೆ.

ಶನಿವಾರ ಬಸ್ಸಿನ ಸರದಿಯಲ್ಲಿ ಅವಳು ನನ್ನ ಪಕ್ಕ ನಿಂತಳು.
ಚೀಲದಲ್ಲಿ ಅದೇ ಪುಸ್ತಕ, ಗ್ರಂಥಾಲಯದ ಮೊಹರಿನದು.
"ಇನ್ನೂರ ಹನ್ನೆರಡು ಯಾಕೆ ಓದಲಿಲ್ಲ, ದೆಲ್ಫಿನಾ?"
ಏನೋ ಹೇಳಿದೆ, ಮುಜುಗರ, ಮರ್ಯಾದೆ, ಗಂಡನ ಕಿವಿ.
"ಇಡೀ ಪುಸ್ತಕದಲ್ಲಿ ಅವಳು ನಗುವುದು ಅಲ್ಲೊಂದೇ ಕಡೆ.
ಅದನ್ನೇ ಕದ್ದೆ. ಉಳಿದದ್ದನ್ನೆಲ್ಲ ಅವರ ಮುಂದೆ ಹರವಿದೆ,
ದೋಣಿ, ಸುಳ್ಳು, ಅಂಗಿ.
ಈಗ ನೋಡು, ಕೂತು ತೀರ್ಪು ಕೊಡುತ್ತಿದ್ದಾರೆ."
ಬೆರಳ ತುದಿಯಲ್ಲಿ ತೊಳೆದರೂ ಹೋಗದ ಕಂದು,
ಆ ಸಾಲಿನಲ್ಲಿ ನಿಂತ ಎಲ್ಲರದೂ ಹಾಗೇ.
ಬಸ್ಸು ಬಂತು. ಅವಳಿಗೆ ಸೀಟು ಸಿಕ್ಕಿತು, ನನಗಿಲ್ಲ.

ಸೋಮವಾರ ಹಿಂದಕ್ಕೆ ಹೋದೆ.
"ಕ್ಷಮಿಸಿ," ಎಂದೆ ಮೈಕಿಗೆ, "ಒಂದು ಪುಟ ತಪ್ಪಿತ್ತು."
ತಪ್ಪಿತ್ತು ಎಂದೆ; ತಪ್ಪಿಸಿದ್ದೆ ಎನ್ನಲಿಲ್ಲ.
ಹೊಳೆಯಾಚೆಯ ಕೋಣೆ. ತಕ್ಕಡಿಯ ಒಂದು ತಟ್ಟೆಯಲ್ಲಿ
ಅವಳ ಒದ್ದೆ ಚಪ್ಪಲಿ, ಇನ್ನೊಂದರಲ್ಲಿ ಅವನ ಊಟದ ಡಬ್ಬಿ.
ಮುಳ್ಳು ನಡುವೆ ನಿಲ್ಲಲಾರದೆ ಒದ್ದಾಡುವುದನ್ನು ನೋಡಿ
ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.
ಅಷ್ಟೇ. ಮೈ ಮುಟ್ಟುವುದೂ ಇಲ್ಲ.

ಕತ್ತಿ ಕುಟ್ಟಲಿಲ್ಲ. ಕತ್ತಿ ಬೀಳಲಿಲ್ಲ.
ಎಂಟನೆಯ ಸಾಲಿನಲ್ಲಿ ಒಬ್ಬ
ಎಲೆಯೊಂದನ್ನು ಸವರುತ್ತಲೇ ಇದ್ದ,
ಸುಕ್ಕಿಲ್ಲದ ಎಲೆಯನ್ನು, ಮತ್ತೆ, ಅಂಗೈಯಿಂದ.

ಸಂಜೆ ಎಣಿಸಿದಾಗ ನಲವತ್ತು ಚುಟ್ಟ ಕಡಿಮೆ.
ಮೇಲ್ವಿಚಾರಕ ನನ್ನ ಕುರ್ಚಿಯ ಕಡೆ ನೋಡಿ,
ನಾಳೆಯಿಂದ ಪತ್ತೇದಾರಿ ಏನಾದರೂ ಓದು, ಅಂದ.